ಬೋಟಿನ ಡೀಸೆಲ್ ಎಂಜಿನ್: ಬಂದು ಹೋಗುವ ಸದ್ದು, ಏರಿಳಿಯುವ ಓಟ. ಹೆಡ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಬೆತಿಂ ಬೋಟಿನವರು, ಗೋವಾ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಪಣಜಿಯ ಎದುರು ದಡದ ಬೆತಿಂನಲ್ಲಿ ನಮ್ಮ ಸೋದರಮಾವನವರ ಪ್ರವಾಸಿ ಬೋಟಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಬೋಟು ಮರದ್ದು. ಎಂಜಿನ್ ಆರು ಸಿಲಿಂಡರಿನ, ಟರ್ಬೊ ಇಲ್ಲದ ಹಳೆಯ ಮಾದರಿಯದು. ಇನ್‌ಲೈನ್ ಇಂಜೆಕ್ಷನ್ ಪಂಪು (ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವುದು), ವೇಗವನ್ನು ಹಿಡಿದಿಡುವ ಮೆಕ್ಯಾನಿಕಲ್ ಗವರ್ನರ್, ಎರಡಕ್ಕೆ ಒಂದರ ಗೇರ್ ಬಾಕ್ಸ್, ಹೀಟ್ ಎಕ್ಸ್‌ಚೇಂಜರಿನ ಮೂಲಕ ನದಿನೀರಿನ ಕೂಲಿಂಗ್. ಎಲೆಕ್ಟ್ರಾನಿಕ್ಸ್ ಏನೂ ಇಲ್ಲವಾದ್ದರಿಂದ ಸ್ಕ್ಯಾನರ್ ಹಚ್ಚಿ ನೋಡುವ ದಾರಿಯೂ ಇಲ್ಲ.

ತೊಂದರೆ ಮೂರು ಬಗೆಯದು, ಮತ್ತು ಅವು ಒಂದಕ್ಕೊಂದು ಸಂಬಂಧಪಟ್ಟಿವೆಯೋ ಇಲ್ಲವೋ ಎಂಬುದೇ ನನಗೆ ಬಗೆಹರಿಯುತ್ತಿಲ್ಲ. ಮೊದಲನೆಯದು, 1500 ಆರ್‌ಪಿಎಂನಲ್ಲಿ ಸುಮಾರು ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ನೂರೈವತ್ತು ಇನ್ನೂರು ಆರ್‌ಪಿಎಂ ಕೆಳಗಿಳಿದು, ಕೆಲವು ಕ್ಷಣ ತಡವರಿಸಿ, ಯಾರೂ ಏನೂ ಮಾಡದೆ ತಾನೇ ಸರಿಹೋಗುತ್ತದೆ. ಒಂದು ದಿನ ಹೀಗೆ ಹಲವು ಬಾರಿ ಆದರೆ ಮರುದಿನ ಒಮ್ಮೆಯೂ ಆಗದಿರಬಹುದು. ಇಳಿಯುವ ಹೊತ್ತಿನಲ್ಲಿ ಸೈಲೆನ್ಸರಿನಿಂದ ಬೂದು ಬಿಳುಪಿನ ಹೊಗೆ ಬರುತ್ತದೆ. ಎರಡನೆಯದು, ಜೆಟ್ಟಿಯಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದಾಗ ಎಂಜಿನ್ನಿನ ಹಿಂಭಾಗದಿಂದ ಗಡಗಡ ಎಂಬ ಸದ್ದು. ಗೇರ್ ಹಾಕಿದೊಡನೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಮೂರನೆಯದು, ಬೆಳಿಗ್ಗೆ ತಣ್ಣಗಿರುವಾಗ ಮೇಲ್ಭಾಗದಿಂದ ಕೇಳುವ, ಸುತ್ತಿಗೆಯಿಂದ ಮೆಲ್ಲಗೆ ಬಡಿದಂತಹ ಟಕ್ ಟಕ್ ಸದ್ದು. ಇದು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಆಯಿಲ್ ಪ್ರೆಷರ್ ಮತ್ತು ನೀರಿನ ಉಷ್ಣತೆ ಎಂದಿನಂತೆಯೇ ಇವೆ. ಎರಡೂ ಡೀಸೆಲ್ ಫಿಲ್ಟರುಗಳನ್ನು ಬದಲಿಸಿದೆವು, ವ್ಯತ್ಯಾಸವಾಗಲಿಲ್ಲ. ಮಳೆಗಾಲದಲ್ಲಿ ಬೋಟು ಕಟ್ಟಿಹಾಕಿದ್ದಾಗ ಟ್ಯಾಂಕಿನಲ್ಲಿ ಅರ್ಧದಷ್ಟು ಡೀಸೆಲ್ ಉಳಿದಿತ್ತು. ಒಬ್ಬ ಮೆಕ್ಯಾನಿಕ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚೋಣ ಎನ್ನುತ್ತಾರೆ, ಇನ್ನೊಬ್ಬರು ಇಂಜೆಕ್ಷನ್ ಪಂಪನ್ನು ಕ್ಯಾಲಿಬ್ರೇಷನ್ನಿಗೆ ಕಳಿಸಿ ಎನ್ನುತ್ತಾರೆ. ಸೀಸನ್ ನಡುವೆ ಎರಡೂ ದುಬಾರಿ ಮಾತುಗಳು. ಅದಕ್ಕೂ ಮೊದಲು ನಾವೇ ಮಾಡಿ ನೋಡಬಹುದಾದ ಪರೀಕ್ಷೆಗಳೇನಾದರೂ ಇದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಾಸ್ಕೋದಿಂದ, ಬಾರ್ಜ್ ಎಂಜಿನ್ ಕೆಲಸದವರು

ಬೆತಿಂ ಬೋಟಿನವರೇ, ಹೆಡ್ ಮುಟ್ಟಬೇಡಿ. ಹೆಡ್ಡಿನೊಳಗಿನ ದೋಷ, ಅಂದರೆ ಸುಟ್ಟ ವಾಲ್ವ್ ಅಥವಾ ಒಡೆದ ಗ್ಯಾಸ್ಕೆಟ್, ಸಾಮಾನ್ಯವಾಗಿ ದಿನಬಿಟ್ಟು ದಿನ ರಜೆ ಹಾಕುವುದಿಲ್ಲ. ಒಮ್ಮೆ ಬಂದರೆ ಇದ್ದೇ ಇರುತ್ತದೆ, ದಿನದಿನಕ್ಕೆ ಹೆಚ್ಚುತ್ತದೆ. ತಾನಾಗಿ ಬಂದು ತಾನಾಗಿ ಹೋಗುವ ದೋಷವಿದ್ದರೆ ಬಂದುಹೋಗುವಂತಹ ವಸ್ತುವನ್ನೇ ಮೊದಲು ಅನುಮಾನಿಸಬೇಕು: ಗಾಳಿ, ನೀರು, ಕಸ, ಸಡಿಲವಾದ ಕೇಬಲ್. ನೀವು ಹೇಳಿದ ಮೂರು ತೊಂದರೆಗಳನ್ನು ಮೂರು ಬೇರೆ ಕಾಯಿಲೆಗಳೆಂದೇ ಇಟ್ಟುಕೊಂಡು, ಆರ್‌ಪಿಎಂ ಇಳಿಯುವುದನ್ನು ಮೊದಲು ಹಿಡಿಯಿರಿ.

ಆರ್‌ಪಿಎಂ ಎರಡು ಕಾರಣಗಳಿಂದ ಇಳಿಯಬಹುದು. ಎಂಜಿನ್ನಿನ ಶಕ್ತಿ ಕಡಿಮೆಯಾಗಿರಬೇಕು ಅಥವಾ ಎಂಜಿನ್ನಿನ ಮೇಲಿನ ಹೊರೆ ಹೆಚ್ಚಿರಬೇಕು. ಹೊರೆ ಹೆಚ್ಚಾದರೆ ಗವರ್ನರ್ ಹೆಚ್ಚು ಡೀಸೆಲ್ ಕೊಡುವುದರಿಂದ ಹೊಗೆ ಕಪ್ಪಾಗುತ್ತದೆ. ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಚೀಲ ಅಥವಾ ಬಲೆಯ ತುಂಡು ಸುತ್ತಿದಾಗ ಹೀಗಾಗುತ್ತದೆ. ಇಳಿತದ ಹೊತ್ತಿನಲ್ಲಿ ಆಳ ಕಡಿಮೆಯಿರುವ ಕಡೆ ಹಾದುಹೋಗುವಾಗಲೂ ಹೀಗಾಗುತ್ತದೆ, ಏಕೆಂದರೆ ತಳದ ಕೆಳಗೆ ನೀರು ಕಡಿಮೆಯಾದಂತೆ ಬೋಟಿನ ಹಿಂಭಾಗ ಕುಸಿದು ಎಳೆತ ಹೆಚ್ಚುತ್ತದೆ. ಆದ್ದರಿಂದ ಆರ್‌ಪಿಎಂ ಇಳಿದ ಪ್ರತಿ ಸಲ ಗಡಿಯಾರದ ಸಮಯ, ನದಿಯ ಯಾವ ಜಾಗ, ಉಬ್ಬರವೋ ಇಳಿತವೋ, ಹೊಗೆಯ ಬಣ್ಣ, ಟ್ಯಾಂಕಿನಲ್ಲಿದ್ದ ಡೀಸೆಲ್ ಮಟ್ಟ ಇವನ್ನು ಬರೆದಿಡಿ. ಪ್ರತಿ ಸಲ ಒಂದೇ ಜಾಗದಲ್ಲಿ ಆದರೆ ಎಂಜಿನ್ನಿಗಿಂತ ನದಿಯನ್ನು ನೋಡಬೇಕು. ನಿಮ್ಮಲ್ಲಿ ಹೊಗೆ ಬೂದು ಬಿಳುಪು ಎಂದಿದ್ದೀರಿ. ಅದು ಸರಿಯಾಗಿ ಉರಿಯದೆ ಹೊರಬಿದ್ದ ಡೀಸೆಲ್ಲಿನ ಬಣ್ಣ, ಹೊರೆಯದಲ್ಲ. ಹೀಗಾಗಿ ನನ್ನ ಒಲವು ಡೀಸೆಲ್ ದಾರಿಯ ಕಡೆಗೆ.

ಆ ದಾರಿಯಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನವರೆಗಿನ ಭಾಗವನ್ನು ಬಹಳ ಜನ ಕಡೆಗಣಿಸುತ್ತಾರೆ. ಪಂಪಿನ ಆಚೆಗೆ ಸೋರಿಕೆಯಿದ್ದರೆ ಡೀಸೆಲ್ ಹೊರಗೆ ಹನಿಯುವುದರಿಂದ ಕಣ್ಣಿಗೆ ಬೀಳುತ್ತದೆ. ಈಚೆಗೆ ಪೈಪು ಎಳೆತದಲ್ಲಿರುವುದರಿಂದ ಡೀಸೆಲ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆ ಬಟ್ಟೆಯಿಂದ ಒರೆಸಿ ನೋಡಿದರೂ ಒಣಗಿಯೇ ಇರುತ್ತದೆ. ಫೀಡ್ ಪಂಪಿನ ಮುಂಚಿನ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಹಾಕಿ, ಟಾರ್ಚ್ ಹಿಡಿದು ನೋಡಿ. ಪರೀಕ್ಷೆ ಮುಗಿದೊಡನೆ ಅದನ್ನು ತೆಗೆದು ಸರಿಯಾದ ಪೈಪನ್ನೇ ಹಾಕಬೇಕು. ಬಿಸಿ ಎಂಜಿನ್ ರೂಮಿನಲ್ಲಿ ಪ್ಲಾಸ್ಟಿಕ್ ಹೋಸು ಬಿಟ್ಟು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ. ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಸರ್ವೆಯ ಮಾತು ಹಾಗಿರಲಿ, ಬೆಂಕಿಯ ಭಯವೇ ಸಾಕು.

ಎರಡನೆಯ ಪರೀಕ್ಷೆ ಕ್ಯಾನಿನದು. 20 ಲೀಟರಿನ ಶುದ್ಧ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಫೀಡ್ ಪಂಪಿನ ಎಳೆತವನ್ನೂ ರಿಟರ್ನ್ ಪೈಪನ್ನೂ ಆ ಕ್ಯಾನಿಗೇ ಕೊಟ್ಟು, ಪ್ರಯಾಣಿಕರಿಲ್ಲದೆ ನದಿಯಲ್ಲಿ ಹೊರೆಯ ಮೇಲೆ ಓಡಿಸಿ. ತೊಂದರೆ ಮಾಯವಾದರೆ ಕಾರಣ ಟ್ಯಾಂಕು, ವಾಟರ್ ಸೆಪರೇಟರ್ ಅಥವಾ ಆ ಪೈಪುಗಳಲ್ಲಿದೆ. ಉಳಿದರೆ ಫೀಡ್ ಪಂಪಿನಿಂದ ಮುಂದಿದೆ. ಇಷ್ಟು ಅಗ್ಗದಲ್ಲಿ ಅರ್ಧಕ್ಕರ್ಧ ಅನುಮಾನಗಳನ್ನು ಕಳೆಯುವ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ.

ಟ್ಯಾಂಕಿನ ವಿಷಯದಲ್ಲಿ ಎರಡು ಮಾತು. ಅದರ ಗಾಳಿಕೊಳವೆಯನ್ನು ನೋಡಿ. ಮಳೆಗಾಲದಲ್ಲಿ ನಿಂತ ಬೋಟುಗಳಲ್ಲಿ ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ಅಥವಾ ಬಣ್ಣ ಬಳಿಯುವವರು ಬಾಯಿಯ ಜಾಲರಿಯ ಮೇಲೂ ಬಣ್ಣ ಬಳಿದಿರುತ್ತಾರೆ. ಆಗ ಡೀಸೆಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಎಳೆತ ಬೆಳೆದು, ಅರ್ಧ ಗಂಟೆಯ ನಂತರ ಎಂಜಿನ್ ಹಸಿಯುತ್ತದೆ. ತೊಂದರೆ ಆಗುತ್ತಿರುವಾಗಲೇ ತುಂಬುವ ಮುಚ್ಚಳ ಸಡಿಲಿಸಿ. ಗಾಳಿ ಸರ್ರನೆ ಒಳಗೆ ಹೋದರೆ ಉತ್ತರ ಸಿಕ್ಕಿತು. ಇನ್ನೊಂದು, ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ಮಳೆಗಾಲದ ತೇವ ಹನಿಗಟ್ಟಿ ತಳ ಸೇರುತ್ತದೆ, ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತು ಅದಿರಿನ ಬಾರ್ಜುಗಳು ಕೆಲಸವಿಲ್ಲದೆ ಈ ನದಿಗಳಲ್ಲಿ ಲಂಗರು ಹಾಕಿ ಕುಳಿತವಲ್ಲ, ಅವನ್ನು ಮತ್ತೆ ಚಾಲೂ ಮಾಡುವಾಗ ಎಂಜಿನ್ನಿಗಿಂತ ಟ್ಯಾಂಕುಗಳೇ ಹೆಚ್ಚು ಕಾಡಿದವು. ಲೋಳೆಯ ತುಂಡು ಎಳೆಯುವ ಪೈಪಿನ ಬಾಯಿಗೆ ಅಂಟಿಕೊಂಡಾಗ ಎಂಜಿನ್ ಇಳಿಯುತ್ತದೆ, ಎಳೆತ ತಗ್ಗಿದಾಗ ತುಂಡು ಬಿದ್ದುಹೋಗಿ ಎಂಜಿನ್ ಸರಿಯಾಗುತ್ತದೆ. ಫಿಲ್ಟರ್ ಎಷ್ಟು ಬದಲಿಸಿದರೂ ಇದು ಹೋಗುವುದಿಲ್ಲ, ಏಕೆಂದರೆ ತುಂಡು ಫಿಲ್ಟರಿನವರೆಗೆ ಬರುವುದೇ ಇಲ್ಲ. ಟ್ಯಾಂಕಿನ ತಳದ ಡ್ರೈನಿನಿಂದ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ರಾತ್ರಿಯಿಡೀ ಬಿಟ್ಟು ನೋಡಿ.

ಉತ್ತರ 2: ಪುಣೆಯಿಂದ, ಇಂಜೆಕ್ಷನ್ ಪಂಪ್ ಕೆಲಸದವರು

ವಾಸ್ಕೋದ ಹಿರಿಯರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಕ್ಯಾನಿನ ಬಗ್ಗೆ ಮಾತ್ರ ಒಂದು ತಿದ್ದುಪಡಿ ಇದೆ. ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಇಡಬೇಡಿ. ಎತ್ತರದಲ್ಲಿಟ್ಟರೆ ಡೀಸೆಲ್ ತನ್ನ ಭಾರದಿಂದಲೇ ಇಳಿದುಬರುವುದರಿಂದ ಫೀಡ್ ಪಂಪಿನ ಬಾಯಿಯಲ್ಲಿ ಎಳೆತವೇ ಉಂಟಾಗುವುದಿಲ್ಲ, ಅಲ್ಲಿ ಗಾಳಿ ಹಿಡಿಯುತ್ತಿದ್ದರೂ ಆ ಹೊತ್ತಿಗೆ ಅಡಗಿಬಿಡುತ್ತದೆ, ನೀವು ಸುಮ್ಮನೆ ಟ್ಯಾಂಕನ್ನು ದೂರುತ್ತೀರಿ. ಟ್ಯಾಂಕಿನ ಡೀಸೆಲ್ ಮಟ್ಟಕ್ಕೆ ಸರಿಸಮನಾಗಿ ಅಥವಾ ಅದಕ್ಕಿಂತ ತುಸು ಕೆಳಗೆ ಇಡಿ. ರಿಟರ್ನ್ ಪೈಪಿನ ತುದಿ ಡೀಸೆಲ್ಲಿನೊಳಗೆ ಮುಳುಗಿರಲಿ. ಗುಳ್ಳೆ ಬರುತ್ತಿದ್ದರೆ ಅಲ್ಲೇ ಕಾಣುತ್ತದೆ.

ಪಂಪು ಕಳಿಸುವ ವಿಚಾರ. ಹಳೆಯ ಮಿಸ್ತ್ರಿಗಳು ಇಂದಿಗೂ ಮೈಕೋ ಪಂಪು ಎಂದೇ ಕರೆಯುವ ಈ ಇನ್‌ಲೈನ್ ಪಂಪುಗಳು, 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದ ಮೇಲೂ, ಊರೂರಿನ ಪಂಪು ಪರೀಕ್ಷಿಸುವ ಬೆಂಚುಗಳ ಮೇಲೆ ತಿರುಗುತ್ತಲೇ ಇವೆ. ಅವು ಸುಲಭಕ್ಕೆ ಕೆಡುವಂಥವಲ್ಲ. ಬೆಂಚಿನ ಮೇಲೆ ಶುದ್ಧ ಎಣ್ಣೆ, ಸರಿಯಾದ ಒತ್ತಡ, ಗಾಳಿಯಿಲ್ಲದ ಪೈಪು ಕೊಟ್ಟು ಪರೀಕ್ಷಿಸುವುದರಿಂದ ನಿಮ್ಮ ಬೋಟಿನ ಪೈಪಿನ ದೋಷ ಬೆಂಚಿನ ಮೇಲೆ ಎಂದೂ ಕಾಣಿಸುವುದಿಲ್ಲ. ಪಂಪು ಚೆನ್ನಾಗಿದೆ ಎಂಬ ಚೀಟಿಯೂ ಬಿಲ್ಲೂ ಬರುತ್ತವೆ, ಬೋಟು ಮತ್ತೆ ತಡವರಿಸುತ್ತದೆ. ಕಳಿಸುವ ಮೊದಲು ಪಂಪಿನ ಪಕ್ಕದಲ್ಲೇ ಮೂರು ವಿಷಯ ನೋಡಬಹುದು. ಫೀಡ್ ಪಂಪಿನ ಬಾಯಿಯಲ್ಲಿರುವ ಚಿಕ್ಕ ಜಾಲರಿ ಕಟ್ಟಿಕೊಂಡಿರಬಹುದು. ಎಷ್ಟೋ ಬೋಟುಗಳಲ್ಲಿ ಅದೊಂದು ಇದೆಯೆಂಬುದೇ ಯಾರಿಗೂ ನೆನಪಿರುವುದಿಲ್ಲ. ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತಿದ್ದರೆ ಇಂಜೆಕ್ಷನ್ ಪಂಪಿನೊಳಗೆ ಡೀಸೆಲ್ ತುಂಬಿರುವ ಗ್ಯಾಲರಿಯಲ್ಲಿ ಇರಬೇಕಾದ ಸುಮಾರು 1ರಿಂದ 1.5 ಬಾರ್ ಒತ್ತಡ ನಿಲ್ಲುವುದಿಲ್ಲ, ಡೀಸೆಲ್ ಬಿಸಿಯಾಗಿ ತೆಳುವಾದಾಗ ತೊಂದರೆ ಹೆಚ್ಚುತ್ತದೆ. ಅರ್ಧ ಗಂಟೆಯ ನಂತರ ಎಂಬ ನಿಮ್ಮ ಮಾತಿಗೆ ಇದೂ ಹೊಂದುತ್ತದೆ. ಮೂರನೆಯದು ಸ್ಟಾಪ್ ಕೇಬಲ್. ಅದರ ಹೊರಕವಚವನ್ನು ಹಿಡಿಯುವ ಕ್ಲಾಂಪ್ ಸಡಿಲವಾಗಿದ್ದರೆ ನಡುಕಕ್ಕೆ ಸ್ಟಾಪ್ ಲಿವರ್ ತುಸುವೇ ಜರುಗಿ ಡೀಸೆಲ್ ಕಡಿಮೆ ಮಾಡುತ್ತದೆ. ಲಿವರನ್ನು ಓಡುವ ಸ್ಥಾನದಲ್ಲಿ ತಂತಿಯಿಂದ ಕಟ್ಟಿ ಓಡಿಸಿ ನೋಡಬಹುದು, ಆದರೆ ತುರ್ತಿನಲ್ಲಿ ಆ ತಂತಿ ಬಿಚ್ಚಿ ಎಂಜಿನ್ ನಿಲ್ಲಿಸಲು ಒಬ್ಬರು ಪಕ್ಕದಲ್ಲೇ ಇರಬೇಕು.

ಹಾಗೆಯೇ, ಆರ್‌ಪಿಎಂ ಇಳಿಯುವ ಲಯವನ್ನು ಗಮನಿಸಿ. ಗಡಿಯಾರದ ಲೋಲಕದಂತೆ ಒಂದೇ ಅಂತರದಲ್ಲಿ ಏರಿ ಇಳಿದು ಏರುತ್ತಿದ್ದರೆ ಅದು ಗವರ್ನರಿನ ಹಂಟಿಂಗ್. ಲಯವೇ ಇಲ್ಲದೆ ಮುಗ್ಗರಿಸುತ್ತಿದ್ದರೆ ಡೀಸೆಲ್ ಪೂರೈಕೆಯ ತೊಂದರೆ.

ಈಗ ಟಕ್ ಟಕ್ ಸದ್ದು. ಸದ್ದನ್ನು ಎಣಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಐಡ್ಲಿಂಗ್ (ಹೊರೆಯಿಲ್ಲದೆ ಮೆಲ್ಲಗೆ ಓಡುವ ವೇಗ) 600 ಆರ್‌ಪಿಎಂ ಇದ್ದರೆ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ 5 ಬಾರಿ, ಆರೂ ಸೇರಿ 30 ಬಾರಿ. ಮೊಬೈಲಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿ ನಿಧಾನಗೊಳಿಸಿ ಕೇಳಿದರೆ ಎಣಿಕೆ ಕಷ್ಟವಲ್ಲ. ಸೆಕೆಂಡಿಗೆ 5 ಬಂದರೆ ಒಂದೇ ಸಿಲಿಂಡರಿನ ಇಂಜೆಕ್ಟರ್, ವಾಲ್ವ್ ಅಥವಾ ಪಿಸ್ಟನ್ ಮೇಲೆ ಅನುಮಾನ. 10 ಬಂದರೆ ಕ್ರ್ಯಾಂಕಿನ ವೇಗದಲ್ಲಿ ತಿರುಗುವ ವಸ್ತು, ಅಂದರೆ ಫ್ಲೈವೀಲ್ ಅಥವಾ ಮುಂದಿನ ಪುಲ್ಲಿ.

ಯಾವ ಸಿಲಿಂಡರ್ ಎಂದು ತಿಳಿಯಲು ಐಡ್ಲಿಂಗಿನಲ್ಲಿ ಒಂದೊಂದೇ ಇಂಜೆಕ್ಟರಿನ ಹೈಪ್ರೆಷರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಯಿರಿ. ಆರೋಗ್ಯವಾಗಿರುವ ಸಿಲಿಂಡರಿನದು ಸಡಿಲಿಸಿದಾಗ ಎಂಜಿನ್ ಕುಗ್ಗುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರ್ ಮೊದಲೇ ದುಡಿಯುತ್ತಿರಲಿಲ್ಲ ಎಂದರ್ಥ. ಸಡಿಲಿಸಿದೊಡನೆ ಸದ್ದು ನಿಂತರೆ ಸಿಲಿಂಡರ್ ಸಿಕ್ಕಿತು, ಕಾರಣ ಇನ್ನೂ ಸಿಕ್ಕಿಲ್ಲ, ಏಕೆಂದರೆ ಉರಿ ನಿಂತಾಗ ಸವೆದ ಬೇರಿಂಗಿನ ಸದ್ದೂ ಕುಗ್ಗುತ್ತದೆ. ಆಗ ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ. ಸದ್ದು ಇಂಜೆಕ್ಟರಿನ ಜೊತೆಗೆ ಹೋದರೆ ಡೀಸೆಲ್ ಚಿಮ್ಮುವ ನಾಜಲ್ಲಿನ ಸೂಜಿ ಅಂಟುತ್ತಿದೆ ಅಥವಾ ತೊಟ್ಟಿಕ್ಕುತ್ತಿದೆ. ಸದ್ದು ಅಲ್ಲೇ ಉಳಿದರೆ ದೋಷ ಆ ಸಿಲಿಂಡರಿನದು.

ಇದನ್ನು ಮಾಡುವಾಗ ಕನ್ನಡಕ ಮತ್ತು ದಪ್ಪ ಕೈಗವಸು ಹಾಕಿ, ನಟ್ಟಿನ ಮೇಲೆ ಬಟ್ಟೆ ಹೊದಿಸಿ, ಬೆರಳನ್ನು ಮಾತ್ರ ಎಂದೂ ಅಡ್ಡ ಹಿಡಿಯಬೇಡಿ. ಇಂತಹ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವುದೇ ಸುಮಾರು 200 ಬಾರ್ ಒತ್ತಡದಲ್ಲಿ. ಸೂಜಿಮೊನೆಯಷ್ಟು ಗುರುತು ಬಿಟ್ಟು ಡೀಸೆಲ್ ಚರ್ಮದೊಳಗೆ ಹೊಕ್ಕರೆ ಹೊರಗೆ ಗಾಯವೇ ಇಲ್ಲದಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆರಳು ಕಳೆದುಕೊಂಡವರಿದ್ದಾರೆ.

ಉತ್ತರ 3: ಮುಂಬಯಿಯಿಂದ, ಭಾವುಚಾ ಧಕ್ಕಾ ಲಾಂಚ್ ಕೆಲಸ

ಇಬ್ಬರೂ ಡೀಸೆಲ್ ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಹಿಂಭಾಗದ ಗಡಗಡ ಸದ್ದನ್ನು ಕೊನೆಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಪ್ರಯಾಣಿಕರ ಬೋಟಿನಲ್ಲಿ ಎಂಜಿನ್ ತಡವರಿಸಿದರೂ ಹೇಗೋ ಜೆಟ್ಟಿಗೆ ತರಬಹುದು, ಎಂಜಿನ್ ಓಡುತ್ತಲೇ ಇದ್ದು ಪ್ರೊಪೆಲ್ಲರ್ ತಿರುಗದಿದ್ದರೆ ಇಳಿತದ ಸೆಳೆತದಲ್ಲಿ ನೀವು ಮಾಡಬಹುದಾದದ್ದು ಲಂಗರು ಹಾಕುವುದೊಂದೇ.

ನ್ಯೂಟ್ರಲ್‌ನಲ್ಲಿ ಕೇಳಿಸಿ ಗೇರ್ ಹಾಕಿದೊಡನೆ ನಿಲ್ಲುವ ಗಡಗಡ ಸದ್ದಿಗೆ ಮೊದಲ ಅನುಮಾನ ಫ್ಲೈವೀಲ್ ಮತ್ತು ಗೇರ್ ಬಾಕ್ಸಿನ ನಡುವಿನ ಡ್ಯಾಂಪರ್ ಪ್ಲೇಟ್. ಎಂಜಿನ್ನಿನ ಪ್ರತಿ ಉರಿಗೂ ಕ್ರ್ಯಾಂಕ್ ಒಮ್ಮೆ ಮುಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮನ್ನು ಹೀರುವುದು ಪ್ಲೇಟಿನ ಸ್ಪ್ರಿಂಗುಗಳ ಅಥವಾ ರಬ್ಬರಿನ ಕೆಲಸ. ಸ್ಪ್ರಿಂಗ್ ಮುರಿದಾಗ, ಅಥವಾ ಅದು ಕೂರುವ ಕಿಂಡಿ ಸವೆದು ಅಗಲವಾದಾಗ, ಹೊರೆಯಿಲ್ಲದ ಕಡಿಮೆ ವೇಗದಲ್ಲಿ ಅದು ಅತ್ತಿತ್ತ ಬಡಿಯುತ್ತದೆ. ಗೇರ್ ಹಾಕಿದರೆ ಪ್ರೊಪೆಲ್ಲರಿನ ಹೊರೆ ಅದನ್ನು ಒಂದು ಕಡೆಗೆ ಒತ್ತಿಹಿಡಿಯುವುದರಿಂದ ಸದ್ದು ನಿಲ್ಲುತ್ತದೆ, ರೋಗ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಐಡ್ಲಿಂಗನ್ನು ಈಗಿರುವುದಕ್ಕಿಂತ ನೂರು ಆರ್‌ಪಿಎಂ ಹೆಚ್ಚಿಸಿ. ಸದ್ದು ಪೂರ್ತಿ ಹೋದರೆ ಪ್ಲೇಟೇ ಇರಬೇಕು, ಅಥವಾ ಐಡ್ಲಿಂಗ್ ತೀರ ಕೆಳಗಿಟ್ಟಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಚಿಮ್ಮು ಅಸಮವಾಗಿ ಒಳ್ಳೆಯ ಪ್ಲೇಟೂ ಗಡಗಡಿಸುತ್ತದೆ. ಹೀಗಾಗಿ ನಿಮ್ಮ ಮೂರು ಕಾಯಿಲೆಗಳು ಪೂರ್ತಿ ಬೇರೆ ಬೇರೆ ಎಂದು ನಾನು ಹೇಳಲಾರೆ. ಇಂಜೆಕ್ಟರ್ ಸರಿಪಡಿಸಿ ಮತ್ತೆ ಕೇಳಿದ ಮೇಲೆ ಪ್ಲೇಟಿನ ತೀರ್ಮಾನ ಮಾಡಿ.

ಪುಣೆಯವರ ಎಣಿಕೆಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಗೇರ್ ಬಾಕ್ಸ್ ಎರಡಕ್ಕೆ ಒಂದರದು, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಒಂದು ಸಿಲಿಂಡರ್ ಉರಿಯುವ ಎಣಿಕೆಯೂ ಅದೇ. ಗೇರಿನಲ್ಲಿರುವಾಗ ಸೆಕೆಂಡಿಗೆ 5 ಎಂದು ಎಣಿಸಿದ ಬಡಿತ ಇಂಜೆಕ್ಟರಿನದೂ ಆಗಿರಬಹುದು, ಶಾಫ್ಟಿನದೂ ಆಗಿರಬಹುದು. ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿ ಕೇಳದೆ ತೀರ್ಪು ಕೊಡಬೇಡಿ.

ಅಲೈನ್‌ಮೆಂಟ್, ಅಂದರೆ ಗೇರ್ ಬಾಕ್ಸೂ ಪ್ರೊಪೆಲ್ಲರ್ ಶಾಫ್ಟೂ ಒಂದೇ ನೇರದಲ್ಲಿವೆಯೇ ಎಂಬುದನ್ನು, ನೋಡುವುದಾದರೆ ಬೋಟು ನೀರಿನಲ್ಲಿರುವಾಗಲೇ ನೋಡಬೇಕು. ದಡದ ಮೇಲೆ ಒಣಗಿದ ಮರದ ಬೋಟು ನೀರಿಗಿಳಿದು ಕೆಲವು ದಿನ ನೆನೆದ ಮೇಲೆ ಆಕಾರ ಬದಲಿಸುತ್ತದೆ, ಶೆಡ್ಡಿನಲ್ಲಿ ಮಾಡಿದ ಅಳತೆ ಆಗ ಕೆಲಸಕ್ಕೆ ಬಾರದು. ಗೇರ್ ಬಾಕ್ಸನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗಿನ ಬೋಲ್ಟ್ ಬಿಚ್ಚಿ, ಎರಡು ಮುಖಗಳನ್ನು ತಾಗಿಸಿ, ಮೇಲೆ ಕೆಳಗೆ ಎಡ ಬಲ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. ವ್ಯಾಸದ ಸಾವಿರದಲ್ಲೊಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ರೂಢಿಯ ಲೆಕ್ಕ; 125 ಮಿಲಿಮೀಟರ್ ಕಪ್ಲಿಂಗಿಗೆ 0.12ರ ಆಸುಪಾಸು. ಎಂಜಿನ್ ಮೌಂಟಿನ ನಟ್ಟುಗಳನ್ನೂ ಆಗಲೇ ನೋಡಿಬಿಡಿ.

ಕೊನೆಯ ಎಚ್ಚರಿಕೆ: ಸದ್ದು ಟಕ್ ಟಕ್ ಎಂಬುದರಿಂದ ಧಡ್ ಧಡ್ ಎಂಬುದಕ್ಕೆ ತಿರುಗಿದರೆ, ಬಿಸಿಯಾದಂತೆ ಹೆಚ್ಚಿದರೆ, ಜೊತೆಗೆ ಆಯಿಲ್ ಪ್ರೆಷರ್ ಇಳಿದರೆ ಅದು ಬೇರಿಂಗ್. ಆಗ ಯಾವ ಪರೀಕ್ಷೆಯೂ ಬೇಡ, ಎಂಜಿನ್ ನಿಲ್ಲಿಸಿ. ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳ ನಡುವೆ ಹೊಳೆಯುವ ಲೋಹದ ಚೂರುಗಳಿವೆಯೇ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೂ ಖುಷಿಪಡಬೇಡಿ, ಡೀಸೆಲ್ಲೋ ನೀರೋ ಬೆರೆಯುತ್ತಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ತುಂಬ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ಮಾಡಿದೆವು. ಟ್ಯಾಂಕಿನ ಗಾಳಿಕೊಳವೆ ಸ್ವಚ್ಛವಾಗಿತ್ತು. ಡ್ರೈನಿನಿಂದ ತೆಗೆದ ಬಾಟಲಿಯಲ್ಲಿ ಬೆಳಗಾಗುವಷ್ಟರಲ್ಲಿ ತಳದಲ್ಲಿ ಒಂದು ಬೆರಳು ನೀರು, ಅದರ ಮೇಲೆ ತೆಳುವಾದ ಕಂದು ಪದರ ಕಂಡವು. ಟ್ಯಾಂಕನ್ನು ಖಾಲಿ ಮಾಡಿ ತೊಳೆಸಿದೆವು. ಆದರೂ ಆರ್‌ಪಿಎಂ ಇಳಿಯುವುದು ನಿಲ್ಲಲಿಲ್ಲ. ಕ್ಯಾನನ್ನು ಟ್ಯಾಂಕಿನ ಮಟ್ಟದಲ್ಲೇ ಇಟ್ಟು ನದಿಯಲ್ಲಿ ಓಡಿಸಿದಾಗ ಮಾತ್ರ ತೊಂದರೆ ಬರಲೇ ಇಲ್ಲ. ಮತ್ತೆ ಟ್ಯಾಂಕಿಗೆ ಜೋಡಿಸಿ ಪಾರದರ್ಶಕ ಹೋಸಿನಲ್ಲಿ ನೋಡಿದರೆ, ಎಂಜಿನ್ ರೂಮು ಬಿಸಿಯಾದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕೆಲವು ಹೊತ್ತು ನಿಂತು, ಮತ್ತೆ ಶುರುವಾಗುತ್ತಿದ್ದವು.

ಈಗ ಟ್ಯಾಂಕಿನಿಂದ ಸೆಪರೇಟರಿನವರೆಗಿನ ತಾಮ್ರದ ಪೈಪಿನಲ್ಲಿ ತೂತು ಎಲ್ಲಿದೆಯೆಂದು ಹುಡುಕುವುದು ಹೇಗೆ? ಕಣ್ಣಿಗೆ ಏನೂ ಕಾಣುತ್ತಿಲ್ಲ. ಟಕ್ ಟಕ್ ಸದ್ದು ನಾಲ್ಕನೆಯ ಸಿಲಿಂಡರಿನದು, ಇಂಜೆಕ್ಟರ್ ಅದಲುಬದಲು ಮಾಡಿದಾಗ ಐದನೆಯದಕ್ಕೆ ಹೋಯಿತು.

ಉತ್ತರ: ಪುಣೆಯಿಂದ

ನಾಜಲ್ ಪರೀಕ್ಷೆಗೆ ಆ ಒಂದನ್ನೇ ಅಲ್ಲ, ಆರನ್ನೂ ಕೊಡಿ. ಒತ್ತಡ ಆರರಲ್ಲೂ ಸಮನಾಗಿರಬೇಕು. ಮರಳಿ ಕೂರಿಸುವಾಗ ತಾಮ್ರದ ವಾಷರುಗಳು ಹೊಸವೇ ಆಗಿರಲಿ, ಹಳೆಯ ವಾಷರ್ ಕೆಳಗೆ ಉಳಿದಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ.

ಪೈಪಿನ ವಿಷಯಕ್ಕೆ, ಅದನ್ನು ಟ್ಯಾಂಕಿನ ಕಡೆಯಿಂದಲೂ ಸೆಪರೇಟರಿನ ಕಡೆಯಿಂದಲೂ ಬಿಚ್ಚಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ 0.3 ಬಾರ್‌ನಷ್ಟು ಗಾಳಿ ಕೊಟ್ಟು ಸೋಪುನೀರು ಹಚ್ಚಿ. ಟ್ಯಾಂಕು ಜೋಡಿಸಿದ್ದಾಗ ಎಂದೂ ಗಾಳಿ ತುಂಬಬೇಡಿ, ಚಪ್ಪಟೆ ಗೋಡೆಯ ಟ್ಯಾಂಕು ಅಷ್ಟಕ್ಕೇ ಉಬ್ಬಿ ಬೆಸುಗೆ ಬಿಡಬಹುದು. ಎಲ್ಲಕ್ಕಿಂತ ಮೊದಲು ಕ್ಲಾಂಪುಗಳನ್ನು ಬಿಚ್ಚಿ ಅವುಗಳ ಅಡಿಯಲ್ಲಿ ನೋಡಿ. ರಬ್ಬರ್ ಇಲ್ಲದ ಕ್ಲಾಂಪು ನಡುಕಕ್ಕೆ ತಾಮ್ರವನ್ನು ಅರದಂತೆ ತೇಯುತ್ತದೆ, ಮೇಲಿನ ಬಣ್ಣ ಅದನ್ನು ಮುಚ್ಚಿಡುತ್ತದೆ.

ಪ್ರಶ್ನೆ ಕೇಳಿದವರಿಂದ

ತಾವು ಹೇಳಿದ ಜಾಗದಲ್ಲೇ ಸಿಕ್ಕಿತು. ಎಂಜಿನ್ ರೂಮಿನ ಅಡ್ಡಗೋಡೆಯನ್ನು ದಾಟುವಲ್ಲಿ ಕ್ಲಾಂಪಿನ ಅಡಿಯಲ್ಲಿ ಪೈಪು ಸವೆದು ಕೂದಲೆಳೆಯಂತಹ ಸೀಳು ಬಿಟ್ಟಿತ್ತು. ತಣ್ಣಗಿರುವಾಗ ಸೋಪುನೀರಿನಲ್ಲೂ ಗುಳ್ಳೆ ಬರಲಿಲ್ಲ, ಪೈಪನ್ನು ಕೈಯಿಂದ ತುಸು ಬಾಗಿಸಿದಾಗ ಬಂತು. ಪೈಪು ಬದಲಿಸಿ ರಬ್ಬರ್ ಪಟ್ಟಿಯ ಕ್ಲಾಂಪು ಹಾಕಿದ ಮೇಲೆ ಆರ್‌ಪಿಎಂ ಗಟ್ಟಿಯಾಗಿ ನಿಂತಿದೆ. ನಾಜಲ್ ಹೊಸದಾದ ಮೇಲೆ ಬೆಳಗಿನ ಟಕ್ ಟಕ್ ಇಲ್ಲ. ಗಡಗಡ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಐಡ್ಲಿಂಗ್ ಹೆಚ್ಚಿಸಿದರೆ ಮಾತ್ರ ನಿಲ್ಲುತ್ತದೆ. ಐಡ್ಲಿಂಗ್ ಹೆಚ್ಚಿಸಿಟ್ಟುಕೊಂಡು ಸೀಸನ್ ಮುಗಿಯುವವರೆಗೆ ಓಡಿಸಬಹುದೇ?

ಉತ್ತರ: ಮುಂಬಯಿಯಿಂದ

ನನ್ನ ಮಟ್ಟಿಗೆ ಕೂಡದು. ಐಡ್ಲಿಂಗ್ ಹೆಚ್ಚಿಸಿದರೆ ಸದ್ದು ಅಡಗುತ್ತದೆ, ಆದರೆ ಗೇರ್ ಹಾಕುವಾಗಿನ ಹೊಡೆತ ಹೆಚ್ಚುತ್ತದೆ, ಆ ಹೊಡೆತ ಬೀಳುವುದೂ ಅದೇ ಪ್ಲೇಟಿನ ಮೇಲೆ. ಫ್ಲೈವೀಲನ್ನು ಮುಚ್ಚಿರುವ ಬೆಲ್ ಹೌಸಿಂಗಿನಲ್ಲಿ ನೋಡುವ ಕಿಂಡಿ ಇದ್ದರೆ ಮುಚ್ಚಳ ತೆಗೆದು ಒಳಗೆ ಕೈಗನ್ನಡಿ ಹಿಡಿಯಿರಿ. ಕೆಂಪು ಬಣ್ಣದ ನಯವಾದ ಧೂಳು ಅಥವಾ ಸ್ಪ್ರಿಂಗಿನ ತುಂಡು ಕಂಡರೆ ಅಂದೇ ನಿಲ್ಲಿಸಿ. ಏನೂ ಕಾಣದಿದ್ದರೆ ಪ್ಲೇಟು ಕೈಗೆ ಬರುವವರೆಗೆ ಸಮುದ್ರದ ಬಾಯಿಯ ಕಡೆಗೆ ಹೋಗದೆ ನದಿಯೊಳಗೆ ಮಾತ್ರ, ಲಂಗರನ್ನು ಹಗ್ಗ ಸಮೇತ ಮುಂಭಾಗದಲ್ಲಿ ಸಿದ್ಧವಾಗಿಟ್ಟುಕೊಂಡು ಓಡಿಸಿ. ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸುವಾಗ ನ್ಯೂಟ್ರಲ್‌ನಲ್ಲಿ ಕ್ಷಣಕಾಲ ತಡೆಯಿರಿ. ಪ್ಲೇಟ್ ತರಿಸುವಾಗ ಎಂಜಿನ್ನಿನ ಹೆಸರು ಹೇಳಿದರೆ ಸಾಲದು. ಗೇರ್ ಬಾಕ್ಸಿನ ನಾಮಫಲಕದ ಫೋಟೊ, ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ಎಣಿಕೆ, ಫ್ಲೈವೀಲಿನಲ್ಲಿ ಬೋಲ್ಟ್ ರಂಧ್ರಗಳ ವೃತ್ತದ ವ್ಯಾಸ, ಈ ಮೂರನ್ನೂ ಕಳಿಸಿ. ಸ್ಪ್ಲೈನ್ ಎಣಿಸಲು ಗೇರ್ ಬಾಕ್ಸ್ ಹಿಂದಕ್ಕೆ ಸರಿಸಲೇಬೇಕಾಗುತ್ತದೆ. ಆಗ ಶಾಫ್ಟಿನ ಹಲ್ಲುಗಳು ಮೆಟ್ಟಿಲಿನಂತೆ ಸವೆದಿದ್ದರೆ ಹೊಸ ಪ್ಲೇಟಿನ ಜೊತೆಗೆ ಅದರ ಲೆಕ್ಕವನ್ನೂ ನಿಮ್ಮ ಸೋದರಮಾವನವರಿಗೆ ಮೊದಲೇ ಹೇಳಿಬಿಡಿ.